‘ಕರಿ’ ಎಂದರೆ ಯಾವ ಕರಿ? ಪುಟ್ಟ ಪದದ ಬೇರು ಹುಡುಕುವ ಬಗೆ

ಎರಡೇ ಅಕ್ಷರದ ಪದ, ಕರಿ. ಬಣ್ಣದ ಮಾತು ಬಂದಾಗ ಅದು ಕಪ್ಪು. ಹಳೆಯ ಕಾವ್ಯದಲ್ಲಿ ಆನೆ. ಒಲೆಯ ಮುಂದೆ ನಿಂತಾಗ ಎಣ್ಣೆಗೆ ಬಿಟ್ಟು ಬೇಯಿಸುವ ಕೆಲಸ. ಹೋಟೆಲಿನ ಪಟ್ಟಿಯಲ್ಲಿ ಅನ್ನಕ್ಕೋ ಚಪಾತಿಗೋ ಜೊತೆಯಾಗುವ ಮಸಾಲೆಯ ಪದಾರ್ಥ. ಫಿನ್ಲೆಂಡಿಗೆ ಹೋದರೆ ಹಡಗಿಗೆ ಅಪಾಯ ತರುವ ನೀರೊಳಗಿನ ಬಂಡೆ. ಅಲ್ಲಿಯೇ ಅದು ಗಂಡಸರ ಹೆಸರೂ ಹೌದು. ಪಕ್ಕದ ನಾರ್ವೆಯಲ್ಲಿ ಅದೇ ಹೆಂಗಸರ ಹೆಸರು.

ಇಷ್ಟೂ ಒಂದೇ ಮೂಲದಿಂದ ಬಂದವು ಎಂದು ಯಾರೂ ಹೇಳಲಾರರು. ಆದರೆ ಇವುಗಳಲ್ಲಿ ಎರಡನ್ನೋ ಮೂರನ್ನೋ ಆಯ್ದುಕೊಂಡು “ನೋಡಿ, ಎಲ್ಲ ನಮ್ಮಿಂದಲೇ ಹೋದದ್ದು” ಎನ್ನುವವರು ವಾಟ್ಸ್‌ಆ್ಯಪ್ ಗುಂಪಿಗೊಬ್ಬರು ಸಿಗುತ್ತಾರೆ. “ಎಲ್ಲ ಸಂಸ್ಕೃತದಿಂದಲೇ ಬಂದದ್ದು” ಎನ್ನುವವರು ಇನ್ನೊಬ್ಬರು. ಇಬ್ಬರೂ ಮಾಡುವುದು ಒಂದೇ ಕೆಲಸ: ಕಿವಿಗೆ ಹೊಂದಿದ ಕೂಡಲೇ ನಂಟು ಕಟ್ಟಿಬಿಡುತ್ತಾರೆ. ಪದ ಚಿಕ್ಕದಾದಷ್ಟೂ ಈ ಚಟ ಹೆಚ್ಚು, ಮೋಸವೂ ಹೆಚ್ಚು. ಉದ್ದದ ಪದ ಎರಡು ಭಾಷೆಗಳಲ್ಲಿ ಆಕಸ್ಮಿಕವಾಗಿ ಒಂದೇ ಆಗುವುದು ಕಷ್ಟ. ಎರಡು ಅಕ್ಷರದ್ದು ದಿನವೂ ಆಗುತ್ತದೆ.

ಹಾಗಾದರೆ ನಿಜವಾದ ನಂಟನ್ನು ಪತ್ತೆ ಹಚ್ಚುವುದು ಹೇಗೆ? ಭಾಷಾಶಾಸ್ತ್ರ ಓದಿರಬೇಕಿಲ್ಲ, ಕೆಲವು ನಿಘಂಟುಗಳು ಸಾಕು. ಕನ್ನಡಕ್ಕೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಕಿಟೆಲ್ ನಿಘಂಟು ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ಸಂಸ್ಕೃತಕ್ಕೆ ಮೊನಿಯರ್ ವಿಲಿಯಮ್ಸ್, ತಮಿಳಿಗೆ ಮದರಾಸು ವಿಶ್ವವಿದ್ಯಾಲಯದ ಲೆಕ್ಸಿಕನ್, ದ್ರಾವಿಡ ಭಾಷೆಗಳನ್ನೆಲ್ಲ ಒಟ್ಟಿಗಿಟ್ಟು ನೋಡಲು ಬರೋ ಮತ್ತು ಎಮೆನೊ ಸಿದ್ಧಪಡಿಸಿದ ದ್ರಾವಿಡ ವ್ಯುತ್ಪತ್ತಿ ಕೋಶ. ಇವುಗಳಲ್ಲಿ ಹೆಚ್ಚಿನವನ್ನು ಅಂತರ್ಜಾಲದಲ್ಲಿ ಹಣ ಕೊಡದೆ ನೋಡಬಹುದು. ಕೆಳಗಿನ ಹೆಜ್ಜೆಗಳನ್ನೆಲ್ಲ ‘ಕರಿ’ಯ ಮೇಲೆಯೇ ಪ್ರಯೋಗಿಸಿದ್ದೇನೆ.

ಹೆಜ್ಜೆ 1: ಅರ್ಥ ಎಷ್ಟು ಎನ್ನಬೇಡಿ, ಪದ ಎಷ್ಟು ಎಂದು ಕೇಳಿ

‘ಕರಿ ಎಂಬ ಪದಕ್ಕೆ ಮೂರು ಅರ್ಥಗಳಿವೆ’ ಎಂದು ಶುರು ಮಾಡಿದರೆ ಅಲ್ಲಿಗೇ ದಾರಿ ತಪ್ಪಿತು. ಮೂರು ಬೇರೆ ಪದಗಳು ಒಂದೇ ಉಚ್ಚಾರಕ್ಕೆ ಬಂದು ನಿಂತಿರಬಹುದು. ಬೇರ್ಪಡಿಸುವ ಸುಲಭ ಉಪಾಯ, ವಿಭಕ್ತಿ ಮತ್ತು ಕ್ರಿಯಾರೂಪಗಳನ್ನು ಹಚ್ಚಿ ನೋಡುವುದು.

‘ಹಪ್ಪಳ ಕರಿದಳು, ಕರಿಯುತ್ತಾಳೆ, ಕರಿಯಬೇಡ’ ಎನ್ನಬಹುದು. ಅದು ಕ್ರಿಯಾಪದ. ‘ಕರಿಗಳು ಘೀಳಿಟ್ಟವು’ ಎನ್ನಬಹುದು. ಅದು ನಾಮಪದ, ಆನೆ. ಬಣ್ಣದ ಕರಿಗೆ ಬಹುವಚನ ಹತ್ತುವುದಿಲ್ಲ. ಅದು ಇನ್ನೊಂದು ಪದಕ್ಕೆ ಅಂಟಿಕೊಂಡೇ ಬದುಕುತ್ತದೆ: ಕರಿಮಣಿ, ಕರಿನಾಗರ, ಕರಿಮೋಡ. ಒಂದು ಕಡೆ ಮಾತ್ರ ಈ ಪರೀಕ್ಷೆ ಸೋಲುತ್ತದೆ. ‘ಕರಿಯ ಬಣ್ಣ’ ಎಂದರೆ ಕಪ್ಪು ಬಣ್ಣವೂ ಆಗಬಹುದು, ಆನೆಯ ಬಣ್ಣವೂ ಆಗಬಹುದು. ಹಳೆಯ ಕವಿಗಳು ಇಂಥ ಜಾಗವನ್ನು ಬಿಟ್ಟವರಲ್ಲ, ಶ್ಲೇಷೆ ಹುಟ್ಟುವುದು ಇಲ್ಲಿಯೇ. ಹುಡುಕುವವರಿಗೆ ಮಾತ್ರ ಅದು ತಲೆನೋವು.

ಹೆಜ್ಜೆ 2: ಯಾರ ಜೊತೆ ಸೇರುತ್ತದೆ ನೋಡಿ

ಕನ್ನಡ ವ್ಯಾಕರಣದಲ್ಲಿ ‘ಅರಿಸಮಾಸ’ ಎಂಬ ಮಾತಿದೆ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಸೇರಿಸಿ ಸಮಾಸ ಮಾಡಬಾರದು, ಮಾಡಿದರೆ ಎರಡೂ ಶತ್ರುಗಳಂತೆ ಒಂದೇ ಮನೆಯಲ್ಲಿರುತ್ತವೆ ಎಂಬ ಎಚ್ಚರಿಕೆ ಅದು. ಹಳೆಯ ಪ್ರಯೋಗಗಳಲ್ಲಿ ವಿನಾಯಿತಿಗಳಿವೆ. ಶಾಲೆಯಲ್ಲಿ ಈ ಪಾಠ ಶುದ್ಧ ಬೇಸರದ್ದು. ಪದದ ಬೇರು ಹುಡುಕುವವರಿಗೆ ಮಾತ್ರ ಇಷ್ಟು ಉಪಯೋಗದ ಸೂತ್ರ ಇನ್ನೊಂದಿಲ್ಲ.

ಕರಿವದನ, ಕರಿಮುಖ, ಕರೀಂದ್ರ: ಜೊತೆಗಾರರೆಲ್ಲ ಸಂಸ್ಕೃತದವರು. ಹಾಗಾಗಿ ಇದು ಸಂಸ್ಕೃತದ ‘ಕರಿನ್’. ‘ಕರ’ ಎಂದರೆ ಕೈ. ಆನೆಗೆ ಸೊಂಡಿಲೇ ಕೈ. ಕೈ ಉಳ್ಳದ್ದು ಕರಿ. ‘ಹಸ್ತ’ದಿಂದ ‘ಹಸ್ತಿ’ ಆದದ್ದೂ ಇದೇ ಜಾಡಿನಲ್ಲಿ. ಇತ್ತ ಕರಿಎಳ್ಳು, ಕರಿಮೆಣಸು, ಕರಿಕಂಬಳಿ: ಜೊತೆಗಾರರು ಕನ್ನಡದವರು, ಕರಿಯೂ ಕನ್ನಡದ್ದು, ಬಣ್ಣದ್ದು. ಕಾರ್ಮುಗಿಲು, ಕಾರ್ಗತ್ತಲುಗಳ ‘ಕಾರ್’ ಇದರ ಒಡಹುಟ್ಟು.

ಊರು, ಬೆಟ್ಟಗಳ ಹೆಸರಿಗೆ ಇದನ್ನು ಹಚ್ಚಿ. ತುಮಕೂರಿನ ದೇವರಾಯನದುರ್ಗಕ್ಕೆ ಕರಿಗಿರಿ ಎಂಬ ಹೆಸರಿದೆ. ‘ಗಿರಿ’ ಸಂಸ್ಕೃತ, ಆದ್ದರಿಂದ ಆನೆಯ ಬೆಟ್ಟ. ಶ್ರೀರಂಗಪಟ್ಟಣದ ಹತ್ತಿರದ ಕರಿಘಟ್ಟದಲ್ಲಿ ‘ಘಟ್ಟ’ ಯಾವ ಕಡೆಗೂ ಸಲ್ಲುವ ಪದ, ಸೂತ್ರ ಕೈಕೊಡುತ್ತದೆ. ಆಗ ಇನ್ನೊಂದು ಉಪಾಯವಿದೆ: ಆ ಜಾಗದ ಪುರಾಣದ ಹೆಸರನ್ನು ಕೇಳಿ. ಕರಿಘಟ್ಟಕ್ಕೆ ನೀಲಾಚಲ ಎನ್ನುತ್ತಾರೆ. ಹೆಸರನ್ನು ಸಂಸ್ಕೃತಕ್ಕೆ ಒಯ್ದವನ ಕಿವಿಗೆ ಅದು ಬಣ್ಣವಾಗಿಯೇ ಕೇಳಿಸಿತ್ತು, ಆನೆಯಾಗಿ ಅಲ್ಲ. ಇದು ಮೂಲಕ್ಕೆ ಪುರಾವೆಯಲ್ಲ, ಹಿಂದಿನವರು ಹೇಗೆ ಅರ್ಥ ಮಾಡಿಕೊಂಡರು ಎನ್ನುವುದಕ್ಕೆ ಪುರಾವೆ. ಎರಡನ್ನೂ ಬೆರೆಸಬಾರದು.

ಕಾವೇರಿಯ ಕೆಳಹರಿವಿನಲ್ಲಿ ಕಲ್ಲಣೆ ಕಟ್ಟಿಸಿದನೆಂದು ಪ್ರಸಿದ್ಧನಾದ ಚೋಳ ದೊರೆ ಕರಿಕಾಲನ ಹೆಸರಿಗೆ ಎರಡು ವಿವರಣೆಗಳಿವೆ. ತಮಿಳಿನ ರೀತಿಯಲ್ಲಿ ಬಿಡಿಸಿದರೆ ಬೆಂಕಿಯಲ್ಲಿ ಕಾಲು ಕರಿಕಾದವನು. ಸಂಸ್ಕೃತದ ರೀತಿಯಲ್ಲಿ ಬಿಡಿಸಿದರೆ ಶತ್ರುಗಳ ಆನೆಗಳಿಗೆ ಯಮನಾದವನು. ‘ಕಾಲ’ ಎಂಬ ಜೊತೆಗಾರ ಎರಡು ಭಾಷೆಗಳಲ್ಲೂ ಸಿಗುತ್ತಾನೆ. ಹಾಗಾಗಿ ಇಬ್ಬರಿಗೂ ಅವಕಾಶ. ಆಸ್ಥಾನಗಳಲ್ಲಿ ಯಾವುದು ಹೆಚ್ಚು ಮೆಚ್ಚುಗೆಯಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ನನಗಂತೂ ಸುಟ್ಟ ಕಾಲಿನ ವಿವರಣೆಯೇ ಹೆಚ್ಚು ನಂಬಿಕೆಗೆ ಅರ್ಹ: ಹೊಗಳಿಕೆಯ ಬಿರುದನ್ನು ಆಮೇಲೆ ಕಟ್ಟಬಹುದು, ಅಂಗದ ಊನವನ್ನು ರಾಜನಿಗೆ ಯಾರೂ ಸುಮ್ಮನೆ ಅಂಟಿಸುವುದಿಲ್ಲ.

ಹೆಜ್ಜೆ 3: ಕಳೆದುಹೋದ ಅಕ್ಷರವನ್ನು ವಾಪಸು ಕರೆಯಿರಿ

ಹೆಚ್ಚಿನವರು ದಾಟಿಹೋಗುವ ಹೆಜ್ಜೆ ಇದು. ಹೆಚ್ಚಿನ ಗಂಟುಗಳು ಬಿಚ್ಚಿಕೊಳ್ಳುವುದೂ ಇಲ್ಲಿಯೇ.

ಹಳಗನ್ನಡದಲ್ಲಿ ‘ರ’ ಅಲ್ಲದೆ ಇನ್ನೊಂದು ಗಡಸು ‘ಱ’ ಇತ್ತು, ಶಕಟರೇಫ. ‘ಳ’ ಅಲ್ಲದೆ ‘ೞ’ ಕೂಡ ಇತ್ತು. 13ನೇ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ೞ ಬರುವ ಪದಗಳ ಪಟ್ಟಿಯನ್ನೇ ಕೊಡಬೇಕಾಯಿತು. ಪಟ್ಟಿ ಬೇಕಾಗುವುದು ಜನ ಮರೆಯತೊಡಗಿದಾಗ. ಮುಂದೆ ಎರಡೂ ಅಕ್ಷರಗಳು ಬರವಣಿಗೆಯಿಂದಲೇ ಮರೆಯಾದವು, ಅವುಗಳ ಪದಗಳು ರ ಮತ್ತು ಳ ಗಳೊಳಗೆ ಕರಗಿದವು. ಹಾಗಾಗಿ ನಮ್ಮ ಇಂದಿನ ಕನ್ನಡದಲ್ಲಿ ಕೃತಕವಾಗಿ ಒಂದಾದ ಜೋಡಿಗಳು ಲೆಕ್ಕವಿಲ್ಲದಷ್ಟಿವೆ.

ತಮಿಳು ಮತ್ತು ಮಲಯಾಳಂ ಬರವಣಿಗೆ ಈ ವ್ಯತ್ಯಾಸವನ್ನು ಇಂದಿಗೂ ಉಳಿಸಿಕೊಂಡಿದೆ. ಆದ್ದರಿಂದ ಆ ಲಿಪಿಗಳಲ್ಲಿ ಎರಡು ರ ಗಳನ್ನು ಮತ್ತು ಳ, ೞ ಗಳನ್ನು ಗುರುತಿಸುವಷ್ಟು ಕಲಿಯಿರಿ. ಒಂದು ಸಂಜೆಯ ಕೆಲಸ. ಆಮೇಲೆ ನೋಡಿ:

‘ಬಾಳು’ ಎಂದರೆ ಜೀವಿಸು, ಅದರ ಹಳೆಯ ರೂಪ ಬಾೞ್, ತಮಿಳಿನಲ್ಲಿ ವಾೞ್. ಖಡ್ಗ ಎಂಬ ಅರ್ಥದ ‘ಬಾಳ್’ ತಮಿಳಿನಲ್ಲಿ ವಾಳ್. ಬದುಕಿಗೂ ಕತ್ತಿಗೂ ನಂಟು ಕಲ್ಪಿಸಿ ಕವಿತೆ ಬರೆಯಬಹುದು, ವ್ಯುತ್ಪತ್ತಿ ಬರೆಯಬಾರದು. ‘ಕರೆ’ ನೋಡಿ. ಹಸುವಿನ ಹಾಲು ಕರೆಯುವುದು ಹಿಂದೆ ಕಱೆ, ತಮಿಳಿನಲ್ಲಿ ಕಱ. ಮನೆಗೆ ಕರೆಯುವುದು ಮೆತ್ತನೆಯ ರ. ತಮಿಳಿನಲ್ಲಿ ಕಾಗೆ ಕೂಗುವುದಕ್ಕೆ ‘ಕರೈ’ ಎನ್ನುತ್ತಾರೆ. ‘ಅರಿ’ಯಂತೂ ಮೂರು ಸಲ ಮೋಸ ಮಾಡುತ್ತದೆ: ತಿಳಿ ಎಂಬ ಅರ್ಥದ್ದು ಅಱಿ, ಕತ್ತರಿಸು ಎಂಬ ಅರ್ಥದ್ದು ಅರಿ, ಶತ್ರು ಎಂಬುದು ಸಂಸ್ಕೃತದ ಅರಿ. ಮೇಲೆ ಹೇಳಿದ ಅರಿಸಮಾಸದ ಅರಿ ಈ ಮೂರನೆಯದು.

ಈಗ ಕರಿಗೆ ಬನ್ನಿ. ತಮಿಳು, ಮಲಯಾಳಂಗಳಲ್ಲಿ ‘ಕರಿ’ ಎಂದರೆ ಇದ್ದಿಲು, ಮಸಿ. ಸುಟ್ಟು ಕಪ್ಪಾಗು ಎಂಬ ಕ್ರಿಯೆಯೂ ತಮಿಳಿನಲ್ಲಿದೆ. ಊಟದ್ದು ‘ಕಱಿ’. ಕೇರಳದ ಹೋಟೆಲಿನಲ್ಲಿ ಕಱಿ ಎನ್ನಬೇಕಾದಲ್ಲಿ ಮೆತ್ತಗೆ ಕರಿ ಎಂದರೆ ಇದ್ದಿಲು ಕೇಳಿದಂತಾಗುತ್ತದೆ. ಅಂದರೆ ಬಣ್ಣದ ಕರಿಗೂ ಹೋಟೆಲಿನ ಪಟ್ಟಿಯ ಕರಿಗೂ ಹುಟ್ಟಿನಲ್ಲೇ ಅಕ್ಷರ ಬೇರೆ. ನಮ್ಮ ಎಣ್ಣೆಯಲ್ಲಿ ‘ಕರಿ’ಯುವುದನ್ನು ಕರಕಲು, ಕರಿಕುಗಳ ಪಕ್ಕದಲ್ಲಿಟ್ಟು ನೋಡಿ. ಕಾವಿನಿಂದ ಬಣ್ಣಕ್ಕೆ ಹೋಗುವ ದಾರಿ ಅಲ್ಲಿ ಹತ್ತಿರದ್ದು.

ತಮಿಳಿನ ಕಱಿಗೆ ಕಚ್ಚಿ ತಿನ್ನು ಎಂಬ ಅರ್ಥ ಹಳೆಯದು, ಕಾಳುಮೆಣಸು ಎಂಬುದೂ ಹಳೆಯದು. ಸಂಗಮ ಕಾಲದ ಅಕನಾನೂರು ಸಂಕಲನದ ಒಂದು ಪದ್ಯದಲ್ಲಿ ಯವನರ, ಅಂದರೆ ಗ್ರೀಕ್–ರೋಮನ್ ವರ್ತಕರ, ಹಡಗುಗಳು ಕೇರಳ ಕರಾವಳಿಯ ಮುಚಿರಿ ಬಂದರಿಗೆ ಹೊನ್ನು ತಂದು ‘ಕಱಿ’ ತುಂಬಿಕೊಂಡು ಹಿಂದಿರುಗುತ್ತವೆ. ಅವರು ಒಯ್ದದ್ದು ಸಾರಲ್ಲ, ಮೆಣಸು.

ಇಲ್ಲಿ ಸ್ವಲ್ಪ ನಿಂತು ನಮ್ಮ ಒಗ್ಗರಣೆಯ ಎಲೆಯನ್ನು ನೋಡಬೇಕು. ಕರಿಬೇವು ಎಂದ ಕೂಡಲೇ ಕನ್ನಡಿಗ ಬಿಡಿಸುವುದು ‘ಕಪ್ಪು ಬೇವು’ ಎಂದು. ಎಲೆ ಕಡುಹಸಿರು, ಹಣ್ಣು ಮಾಗಿದಾಗ ಕಪ್ಪು, ಸಂಸ್ಕೃತದಲ್ಲಿ ಕೃಷ್ಣನಿಂಬ ಎಂಬ ಹೆಸರೂ ಇದೆ. ವಿವರಣೆ ಖಚಿತವಾಗಿ ಕೂರುತ್ತದೆ. ಆದರೆ ತಮಿಳರು ಬರೆಯುವುದು ಕಱಿವೇಪ್ಪಿಲೈ, ಮಲಯಾಳಿಗಳು ಕಱಿವೇಪ್ಪಿಲ. ಗಡಸು ಱ. ಅವರಿಗೆ ಅದು ಕಱಿಗೆ ಹಾಕುವ ಬೇವಿನೆಲೆ. ಹಿಂದಿಯವರು ಕಢಿಪತ್ತಾ ಎಂದು ತಮ್ಮ ಕಢಿಗೆ ಕಟ್ಟಿಕೊಂಡರು. ಇಂಗ್ಲಿಷರು ತಮಿಳರ ಮಾತನ್ನೇ ಅನುವಾದಿಸಿಕೊಂಡರು. ಒಂದೇ ಎಲೆ, ಒಂದೇ ಬಗೆಯ ಸದ್ದು, ಮೂರು ಬಗೆಯ ಬಿಡಿಸುವಿಕೆ. ಗಡಸು ಱ ಕಳೆದುಕೊಂಡ ಭಾಷೆ ಆ ಪದದಲ್ಲಿ ತನಗೆ ಪರಿಚಿತವಾದ ಬಣ್ಣವನ್ನು ಕೇಳಿಸಿಕೊಂಡಿತು ಎಂದು ನನ್ನ ಒಲವು. ಅಡುಗೆಗೇನೂ ವ್ಯತ್ಯಾಸವಿಲ್ಲ.

ಹೆಜ್ಜೆ 4: ಹೋಲಿಕೆಯನ್ನಲ್ಲ, ನಿಯಮವನ್ನು ಹುಡುಕಿ

ಕನ್ನಡದ ಕಿವಿ ತಮಿಳಿನಲ್ಲಿ ಚೆವಿ, ತೆಲುಗಿನಲ್ಲೂ ಚೆವಿ. ಮೇಲ್ನೋಟಕ್ಕೆ ಅಷ್ಟೇನೂ ಹೋಲುವುದಿಲ್ಲ, ಆದರೂ ಒಂದೇ ಪದ. ಯಾಕೆಂದರೆ ಇ, ಎ ಸ್ವರಗಳ ಮುಂದೆ ನಮ್ಮ ಕಕಾರ ತಮಿಳಿನಲ್ಲಿ ಚಕಾರವಾಗುವುದು ಒಂದು ಪದದ ಕಥೆಯಲ್ಲ: ನಮ್ಮ ಕಿಱು ಅವರ ಚಿಱು, ಮಾಡು ಎಂಬ ಅರ್ಥದ ನಮ್ಮ ಹಳೆಯ ಕೆಯ್ ಅವರ ಚೆಯ್. ಹಾಗೆಯೇ ಅವರ ವಕಾರ ನಮ್ಮಲ್ಲಿ ಬಕಾರ: ವಾ–ಬಾ, ವಾೞೈ–ಬಾಳೆ, ವೇಪ್ಪು–ಬೇವು. ಅವರ ಪಕಾರ ನಮ್ಮಲ್ಲಿ ಹಕಾರ: ಪಾಲ್–ಹಾಲು, ಪುಲಿ–ಹುಲಿ.

ನಂಟು ಇದೆ ಎನ್ನುವವರನ್ನು ಕೇಳಬೇಕಾದ ಪ್ರಶ್ನೆ ಇದೊಂದೇ: ಇದೇ ಬದಲಾವಣೆ ಇನ್ನೂ ನಾಲ್ಕು ಪದಗಳಲ್ಲಿ ತೋರಿಸುತ್ತೀರಾ? ಕರಿಯಲ್ಲಿ ಕಕಾರದ ನಂತರ ಇರುವುದು ಅಕಾರ. ಆದ್ದರಿಂದ ಅದು ನೆರೆಭಾಷೆಗಳಲ್ಲೂ ಕಕಾರವಾಗಿಯೇ ಉಳಿಯಬೇಕು, ಉಳಿದಿದೆ.

ಹೆಜ್ಜೆ 5: ಎರವಲು ಎನಿಸಿದರೆ ದಾರಿಯನ್ನು ತೋರಿಸಿ

ಎರವಲು ಪದ ಗಾಳಿಯಲ್ಲಿ ಹಾರಿ ಬರುವುದಿಲ್ಲ. ಹಡಗು, ಸಂತೆ, ಸೈನ್ಯ, ಪಾದ್ರಿ, ಅಡುಗೆಯವನು, ಇವರಲ್ಲಿ ಯಾರಾದರೂ ಹೊತ್ತು ತರಬೇಕು. ಇಂಗ್ಲಿಷಿನ ಕರಿಗೆ ಈ ದಾರಿ ಚೆನ್ನಾಗಿ ಕಾಣುತ್ತದೆ. 1580ರ ದಶಕದಲ್ಲಿ ಗೋವೆಯ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದ ಡಚ್ಚಿನವನು ಲಿನ್‌ಸ್ಖೋಟನ್. ಅವನ ಪ್ರವಾಸದ ಬರಹ 1598ರಲ್ಲಿ ಇಂಗ್ಲಿಷಿಗೆ ಬಂದಾಗ, ಇಲ್ಲಿಯವರು ಅನ್ನದ ಮೇಲೆ ಸುರಿದುಕೊಳ್ಳುವ ಹುಳಿ ಸಾರಿಗೆ ‘ಕ್ಯಾರಿಯೆಲ್’ ಎನ್ನುತ್ತಾರೆ ಎಂಬ ಮಾತು ಅದರಲ್ಲಿತ್ತು. ಪೋರ್ಚುಗೀಸರಲ್ಲಿ ಅದು ಇಂದಿಗೂ ‘ಕರಿಲ್’. 1747ರಲ್ಲಿ ಹನ್ನಾ ಗ್ಲಾಸ್ ಎಂಬಾಕೆಯ ಇಂಗ್ಲಿಷ್ ಅಡುಗೆ ಪುಸ್ತಕದಲ್ಲಿ ಇಂಡಿಯಾದ ರೀತಿಯ ಕರಿ ಮಾಡುವ ವಿಧಾನ ಬಂತು. 1810ರಲ್ಲಿ ಶೇಖ್ ದೀನ್ ಮಹಮದ್ ಲಂಡನ್ನಿನಲ್ಲಿ ಭಾರತೀಯ ಊಟದ ಹೋಟೆಲನ್ನೇ ತೆರೆದ. ಜಪಾನಿನ ‘ಕರೇ’ ಬ್ರಿಟಿಷರ ಕೈದಾಟಿ ಅಲ್ಲಿಗೆ ಹೋದದ್ದು.

ಪೋರ್ಚುಗೀಸಿನ ಕೊನೆಯ ಲಕಾರ ಎಲ್ಲಿಂದ ಬಂತು? ಆಂಗ್ಲೋ–ಇಂಡಿಯನ್ ಪದಗಳ 1886ರ ಹಾಬ್ಸನ್‌–ಜಾಬ್ಸನ್ ಕೋಶ ಅದು ‘ಕ್ಯಾನರೀಸ್’ ರೂಪ ಎನ್ನುತ್ತದೆ; ಇಂಗ್ಲಿಷರು ಕನ್ನಡಕ್ಕೆ ಹೇಳುತ್ತಿದ್ದ ಹೆಸರದು. ಓದಿದ ಕನ್ನಡಿಗನಿಗೆ ಎದೆಯುಬ್ಬುವುದು ಸಹಜ, ಸ್ವಲ್ಪ ತಾಳಬೇಕು. ಗೋವೆಯ ಪೋರ್ಚುಗೀಸರು ಕೊಂಕಣಿಯನ್ನೇ ಕನಾರಿಂ ಎಂದು ಕರೆಯುತ್ತಿದ್ದರು. 1640ರಲ್ಲಿ ಅಚ್ಚಾದ ಪಾದ್ರಿ ಥಾಮಸ್ ಸ್ಟೀಫನ್ಸರ ‘ಕನಾರಿಂ ಭಾಷೆಯ ವ್ಯಾಕರಣ’ ಇಡೀ ಕೊಂಕಣಿಯದ್ದು. ಹಳೆಯ ದಾಖಲೆಯಲ್ಲಿ ಭಾಷೆಯ ಹೆಸರು ಕಂಡರೆ, ಬರೆದವನ ಕಾಲದಲ್ಲಿ ಆ ಹೆಸರು ಯಾರನ್ನು ಸೂಚಿಸುತ್ತಿತ್ತು ಎಂದು ನೋಡದೆ ಹಕ್ಕು ಸಾಧಿಸಬಾರದು.

ದಾರಿ ಕೇಳುವ ಈ ಅಭ್ಯಾಸ ಸುಳ್ಳು ಹಕ್ಕುದಾರರನ್ನೂ ಹೊರಗೆ ಹಾಕುತ್ತದೆ. ಇಂಗ್ಲೆಂಡಿನ ಎರಡನೆಯ ರಿಚರ್ಡ್ ದೊರೆಯ ಅಡುಗೆಯವರು 1390ರ ಸುಮಾರಿಗೆ ಬರೆದ ಪಾಕಗ್ರಂಥದ ಹೆಸರಿನಲ್ಲಿ ‘ಕ್ಯೂರಿ’ ಎಂಬ ಪದವಿದೆ. ಹಾಗಾಗಿ ಕರಿ ಇಂಗ್ಲಿಷಿನದ್ದೇ ಎಂದು ವಾದಿಸಿದವರಿದ್ದಾರೆ. ಆ ಕ್ಯೂರಿ ಹಳೆಯ ಫ್ರೆಂಚಿನಿಂದ ಬಂದದ್ದು, ಅರ್ಥ ಅಡುಗೆಗಾರಿಕೆ, ಸಾರು ಅಲ್ಲ. 1598ರ ಬರಹಗಾರ ‘ಕ್ಯಾರಿಯೆಲ್’ ಅನ್ನು ತನ್ನ ಜನರ ಪದವೆಂದು ಬಳಸದೆ, ದೂರದವರ ಪದವೆಂದು ವಿವರಿಸಿ ಹೇಳುತ್ತಿದ್ದಾನೆ. ವಾದ ಅಲ್ಲಿಗೆ ಮುಗಿಯಿತು. ಕುದುರೆಗೆ ಮಾಲೀಷು ಮಾಡು ಎಂಬ ಅರ್ಥದ ಇಂಗ್ಲಿಷ್ ಕ್ರಿಯಾಪದವೊಂದೂ ಇದೇ ಕಾಗುಣಿತದಲ್ಲಿದೆ; ಅದೂ ಫ್ರೆಂಚಿನದು, ಬೇರೆಯದೇ ಪದ. ಉತ್ತರದವರ ಕಢಿ? ಸಂಸ್ಕೃತದ ‘ಕ್ವಥ್’, ಕುದಿಸು, ಎಂಬಲ್ಲಿಂದ ಪ್ರಾಕೃತದ ಮೂಲಕ ಬಂದದ್ದು. ವೈದ್ಯರ ಕ್ವಾಥಕ್ಕೂ ಅದೇ ಬೇರು.

ಹೆಜ್ಜೆ 6: ದೂರದ ಅವಳಿಗಳನ್ನು ಕಂಡಾಗ

ತುರ್ಕಿ ಭಾಷೆಯಲ್ಲಿ ‘ಕರಾ’ ಎಂದರೆ ಕಪ್ಪು. ಕಾರಕೋರಂ ಪರ್ವತಗಳ ಹೆಸರಿನ ಮೊದಲ ಭಾಗ ಅದೇ. ನಮ್ಮ ಕರಿಗೆ ಸದ್ದಿನಲ್ಲೂ ಅರ್ಥದಲ್ಲೂ ಇಷ್ಟು ಹತ್ತಿರದ್ದು ಇನ್ನೊಂದು ಸಿಗುವುದಿಲ್ಲ, ಆದ್ದರಿಂದಲೇ ಇದು ಒಳ್ಳೆಯ ಬಲೆ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಬರೆದ ಕಾಲ್ಡ್‌ವೆಲ್ಲನಂಥ ಪಂಡಿತನೇ ಮಧ್ಯ ಏಷ್ಯಾದ ‘ಸಿಥಿಯನ್’ ಭಾಷೆಗಳ ಕಡೆಗೆ ದ್ರಾವಿಡದ ನಂಟನ್ನು ಹುಡುಕಿದ್ದ. ಇಂದು ಅದನ್ನು ಒಪ್ಪುವವರು ವಿರಳ.

ಪರೀಕ್ಷೆ ಸರಳ. ಒಂದು ಪದ ಹೊಂದಿತೆಂದು ಬೀಗದೆ ಮನೆಬಳಕೆಯ ಇತರ ಪದಗಳನ್ನು ಸಾಲಾಗಿ ಇಡಿ. ಅವರ ಬಿರ್, ಇಕಿ, ಉಚ್. ನಮ್ಮ ಒಂದು, ಎರಡು, ಮೂರು. ಅವರಿಗೆ ಕಣ್ಣು ಗೋಜ್, ಕೈ ಎಲ್, ನೀರು ಸು. ಸಾಲು ಹೊಂದಲಿಲ್ಲ, ಪದ ಆಕಸ್ಮಿಕ. ತಮಾಷೆಯೆಂದರೆ ತುರ್ಕಿಯ ಒಳಗೇ ‘ಕರಾ’ ಎರಡು ಪದ: ಕಪ್ಪು ಅವರದೇ, ನೆಲ ಎಂಬ ಅರ್ಥದ್ದು ಅರಬ್ಬಿಯಿಂದ ಬಂದದ್ದು. ನಮ್ಮಂತೆ ಅವರಿಗೂ ಗೋಳು.

ಫಿನ್ನರ ಹೆಸರು ಕರಿ ಗ್ರೀಕಿನ ಮಕಾರಿಯೋಸ್ ಎಂಬುದರ ಮೊಟಕು ರೂಪ, ನಾರ್ವೆಯದು ಕ್ಯಾಥರಿನ್‌ನದು. ವ್ಯಕ್ತಿನಾಮಗಳಲ್ಲಿ ಹೀಗೆ ಮೊಟಕಾಗಿ ಹೋಲಿಕೆ ಬರುವುದು ತೀರಾ ಸಾಮಾನ್ಯ, ಅವುಗಳ ಮೇಲೆ ಹೊತ್ತು ಕಳೆಯಬೇಡಿ.

ಹೆಜ್ಜೆ 7: ತೀರ್ಮಾನವಾಗದ್ದನ್ನು ಹಾಗೆಯೇ ಬರೆದಿಡಿ

ನಿಮ್ಮ ಟಿಪ್ಪಣಿಯಲ್ಲಿ ಪ್ರತಿ ಪದದ ಎದುರು ಮೂರು ಗುರುತುಗಳಲ್ಲಿ ಒಂದನ್ನು ಹಾಕಿ: ಸಾಬೀತು, ಸಂಭವ, ಬರೀ ಸದ್ದು. ಆನೆಯ ಕರಿ ಸಂಸ್ಕೃತದ್ದು ಎನ್ನುವುದು ಸಾಬೀತು. ಕರಿಬೇವಿನ ಮೇಲೆ ನಾನು ಹೇಳಿದ್ದು ಸಂಭವ. ತುರ್ಕಿಯ ಕರಾ ಬರೀ ಸದ್ದು. ಕರ್ನಾಟಕ ಎಂಬ ಹೆಸರಿನ ಮೊದಲ ಭಾಗ ಎತ್ತರದ ನಾಡಿನ ‘ಕರು’ ಎನ್ನುವ ಪಂಡಿತರಿದ್ದಾರೆ, ಕಪ್ಪು ಮಣ್ಣಿನ ‘ಕರಿ’ ಎನ್ನುವವರೂ ಇದ್ದಾರೆ. ‘ನಾಡು’ ಎರಡರ ಜೊತೆಗೂ ಒಗ್ಗುವುದರಿಂದ ಎರಡನೆಯ ಹೆಜ್ಜೆಯಿಂದ ಅಲ್ಲಿ ಪ್ರಯೋಜನವಿಲ್ಲ. ರಾಜ್ಯೋತ್ಸವದ ಭಾಷಣದಲ್ಲಿ ಒಂದನ್ನೇ ಆರಿಸಿ ಗುಡುಗಬಹುದು. ಟಿಪ್ಪಣಿಯಲ್ಲಿ ಎರಡೂ ಇರಲಿ.

ಕೈ ಪಳಗಲು ಎರಡು ಪದ ಕೊಡುತ್ತೇನೆ. ‘ನೀರು’, ಮತ್ತು ಇಂದಿನ ಗ್ರೀಕರು ನೀರಿಗೆ ಹೇಳುವ ‘ನೆರೊ’. ಗ್ರೀಕರ ಹಳೆಯ ಪದ ‘ಹೈಡೋರ್’ ಎಂಬಂತಿತ್ತು, ನೆರೊ ಹುಟ್ಟಿದ್ದು ‘ತಾಜಾ’ ಎಂಬ ವಿಶೇಷಣದಿಂದ. ಇಷ್ಟು ಸುಳಿವು ಹಿಡಿದು ಐದನೆಯ ಹೆಜ್ಜೆಯಿಂದ ಶುರು ಮಾಡಿ. ಇನ್ನೊಂದು ಹಣ್ಣಿನಂಗಡಿಯ ‘ಕಿವಿ’. ಹಣ್ಣು ಚೀನಾದ್ದು, ಹೆಸರು ನ್ಯೂಜಿಲೆಂಡಿನ ಮಾವೊರಿ ಜನ ಹಾರಲಾರದ ಒಂದು ಹಕ್ಕಿಗೆ ಇಟ್ಟದ್ದು, ಹಕ್ಕಿಯ ಹೆಸರನ್ನು ಹಣ್ಣಿಗೆ ದಾಟಿಸಿದವರು 1959ರಲ್ಲಿ ಅದನ್ನು ಹೊರದೇಶಕ್ಕೆ ಕಳಿಸುತ್ತಿದ್ದ ವ್ಯಾಪಾರಿಗಳು. ಕತ್ತರಿಸಿದ ಹಣ್ಣು ಕಿವಿಯ ಆಕಾರದಲ್ಲಿದೆ, ಆದ್ದರಿಂದ ಪದ ಕನ್ನಡದ್ದು ಎಂದು ಯಾರಾದರೂ ಸಂದೇಶ ಕಳಿಸುವ ಮೊದಲು ನೀವೇ ಒಂದು ಪುಟ ಬರೆದಿಡಿ.